ಸಾರಿನ ಪುಡಿಯಿಂದ ರವೆ ಇಡ್ಲಿ ಮಿಕ್ಸ್‌ವರೆಗೆ: ಮನೆಯಲ್ಲೇ ಮಾಡಿದರೆ ಎಷ್ಟು ಉಳಿಯುತ್ತದೆ, ಎಲ್ಲಿ ಕೆಡುತ್ತದೆ

ತಿಂಗಳ ದಿನಸಿ ಚೀಟಿಯಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಕೆಳಗೆ ಸಣ್ಣ ಪೊಟ್ಟಣಗಳದ್ದೇ ಒಂದು ಸಾಲು ಇರುತ್ತದೆ: ಸಾರಿನ ಪುಡಿ, ಹುಳಿ ಪುಡಿ, ವಾಂಗಿಬಾತ್ ಪುಡಿ, ಚಟ್ನಿ ಪುಡಿ, ರವೆ ಇಡ್ಲಿ ಮಿಕ್ಸ್. ಒಂದೊಂದನ್ನೇ ನೋಡಿದರೆ ದುಬಾರಿ ಅನ್ನಿಸುವುದಿಲ್ಲ. ನೂರು ಗ್ರಾಂಗೆ ಎಷ್ಟು ಬೀಳುತ್ತದೆ ಎಂದು ಕೇಳಿಕೊಂಡಾಗ ಮಾತ್ರ ಗೊತ್ತಾಗುತ್ತದೆ, ಬೇಳೆಗಿಂತ ಎಷ್ಟೋ ಪಟ್ಟು ಬೆಲೆಗೆ ಬೇಳೆಯನ್ನೇ ಪುಡಿ ರೂಪದಲ್ಲಿ ಕೊಳ್ಳುತ್ತಿದ್ದೇವೆ ಎಂದು. ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲಿ ಮಾಡಿದರೆ ನಿಜಕ್ಕೂ ದುಡ್ಡು ಉಳಿಯುತ್ತದೆ. ಆದರೆ ಒಂದು ಷರತ್ತಿದೆ: ಮಾಡಿದ ಪುಡಿ ಘಮ ಇರುವಾಗಲೇ ಖರ್ಚಾಗಬೇಕು. ಡಬ್ಬಿಯ ತಳದಲ್ಲಿ ಮಂಕಾಗಿ ಉಳಿದು ಕಸಕ್ಕೆ ಹೋಗುವ ಪುಡಿ ಇಡೀ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ.

ಲೆಕ್ಕದಿಂದಲೇ ಶುರು ಮಾಡೋಣ. ನಾಲ್ಕು ಜನರ ಮನೆಗೆ ಸುಮಾರು ಎರಡು ತಿಂಗಳಿಗೆ ಸಾಕಾಗುವ ಸಾರಿನ ಪುಡಿಯ ಅಳತೆ ಹೀಗಿದೆ: ಕೊತ್ತಂಬರಿ ಬೀಜ 125 ಗ್ರಾಂ, ತೊಟ್ಟು ತೆಗೆದ ಬ್ಯಾಡಗಿ ಮೆಣಸಿನಕಾಯಿ 75 ಗ್ರಾಂ, ಗುಂಟೂರು ಮೆಣಸಿನಕಾಯಿ 25 ಗ್ರಾಂ, ಜೀರಿಗೆ 25 ಗ್ರಾಂ, ಕಾಳುಮೆಣಸು 20 ಗ್ರಾಂ, ಮೆಂತ್ಯ 10 ಗ್ರಾಂ, ಸಾಸಿವೆ 5 ಗ್ರಾಂ, ಇಂಗು 5 ಗ್ರಾಂ, ಅರಿಶಿನ ಪುಡಿ 5 ಗ್ರಾಂ, ಜೊತೆಗೆ ಎರಡು ಹಿಡಿ ಕರಿಬೇವು. ಕರಿಬೇವು ಬಿಟ್ಟು ಒಟ್ಟು 295 ಗ್ರಾಂ. ಹುರಿದಾಗ ತೇವ ಹೋಗಿ, ಜರಡಿಯಲ್ಲಿ ಸ್ವಲ್ಪ ಉಳಿದು, ಕೈಗೆ ಸಿಗುವುದು ಹತ್ತಿರ ಹತ್ತಿರ 270 ಗ್ರಾಂ.

ಲೆಕ್ಕದ ರೀತಿ ತೋರಿಸಲು ಕಿಲೋ ದರಗಳನ್ನು ಹೀಗೆ ಇಟ್ಟುಕೊಳ್ಳೋಣ: ಕೊತ್ತಂಬರಿ ಬೀಜ 200 ರೂಪಾಯಿ, ಮೆಣಸಿನಕಾಯಿ ಎರಡೂ ಸೇರಿ ಸರಾಸರಿ 400, ಜೀರಿಗೆ 350, ಕಾಳುಮೆಣಸು 800, ಮೆಂತ್ಯ ಮತ್ತು ಸಾಸಿವೆ 120, ಇಂಗು 1200, ಅರಿಶಿನ 250. ನಿಮ್ಮ ಊರಿನ ಅಂಗಡಿಯ ದರವನ್ನು ಈ ಜಾಗದಲ್ಲಿ ಹಾಕಿಕೊಳ್ಳಿ. ಕೊತ್ತಂಬರಿಗೆ 25, ಮೆಣಸಿನಕಾಯಿಗೆ 40, ಜೀರಿಗೆಗೆ 9, ಕಾಳುಮೆಣಸಿಗೆ 16, ಉಳಿದದ್ದಕ್ಕೆಲ್ಲ ಸೇರಿ 9 ರೂಪಾಯಿ. ಒಟ್ಟು ಸುಮಾರು 100. ಗ್ಯಾಸು, ಕರೆಂಟಿಗೆ 5 ರೂಪಾಯಿ ಸೇರಿಸಿದರೂ ನೂರು ಗ್ರಾಂ ಪುಡಿಗೆ 39 ರೂಪಾಯಿ ಬಿತ್ತು. ಅಂಗಡಿಯ ಪೊಟ್ಟಣದ ಮೇಲೆ ಈಗ ಗ್ರಾಂ ಲೆಕ್ಕದ ಬೆಲೆಯನ್ನೂ ಅಚ್ಚು ಹಾಕಿರುತ್ತಾರೆ. ಅದನ್ನು ನೂರರಿಂದ ಗುಣಿಸಿ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಈ ಲೆಕ್ಕದಲ್ಲೇ ಇನ್ನೊಂದು ಸಂಗತಿಯಿದೆ. ಜೀರಿಗೆ ಮತ್ತು ಕಾಳುಮೆಣಸು ತೂಕದಲ್ಲಿ ಶೇಕಡಾ 15 ಮಾತ್ರ, ಖರ್ಚಿನಲ್ಲಿ ಶೇಕಡಾ 25. ಅಗ್ಗದ ಪುಡಿಗಳು ಸಪ್ಪೆಯಾಗಿರುವುದು ಹೆಚ್ಚಾಗಿ ಇಲ್ಲೇ: ದುಬಾರಿ ಸಾಮಾನು ಕಡಿಮೆ ಮಾಡಿ ಉಪ್ಪೋ ಬೇಳೆಯೋ ಹೆಚ್ಚಿಸಿರುತ್ತಾರೆ. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಎರಡನೆಯದೋ ಮೂರನೆಯದೋ ಉಪ್ಪು ಎಂದಿದ್ದರೆ ಮಸಾಲೆಯ ಬೆಲೆಗೆ ಉಪ್ಪು ತರುತ್ತಿದ್ದೀರಿ ಎಂದೇ ಅರ್ಥ.

ಈಗ ನಷ್ಟದ ಕಡೆ. ನಾಲ್ಕು ಜನರ ಸಾರಿಗೆ ಎರಡೂವರೆ ಚಹಾ ಚಮಚ, ಅಂದರೆ ಸುಮಾರು 7 ಗ್ರಾಂ ಪುಡಿ ಬೇಕು. ವಾರಕ್ಕೆ ನಾಲ್ಕು ಸಲ ಸಾರು ಮಾಡಿದರೆ 28 ಗ್ರಾಂ. 270 ಗ್ರಾಂ ಒಂಬತ್ತು–ಹತ್ತು ವಾರಕ್ಕೆ ಬರುತ್ತದೆ, ಅದು ಸರಿಯಾದ ಅವಧಿ. ಆದರೆ ಹಳೆಯ ಕೈಬರಹದ ಅಳತೆಗಳು ಸೇರಿನ ಲೆಕ್ಕದಲ್ಲಿರುತ್ತವೆ, ಅವು ಹತ್ತು ಹನ್ನೆರಡು ಜನ ಉಣ್ಣುವ ಮನೆಗೆ ಬರೆದವು. ಅದೇ ಅಳತೆಯಲ್ಲಿ ಇಬ್ಬರೇ ಇರುವ ಮನೆಯವರು ಮಾಡಿಟ್ಟರೆ ಪುಡಿ ವರ್ಷ ಕಳೆದರೂ ಮುಗಿಯುವುದಿಲ್ಲ. 270 ಗ್ರಾಂನಲ್ಲಿ ಮೂರನೇ ಒಂದು ಭಾಗ ಚೆಲ್ಲಿದರೂ ಉಳಿದ ಪುಡಿ ನೂರು ಗ್ರಾಂಗೆ 58 ರೂಪಾಯಿ ಆಯಿತು. ಅಲ್ಲಿಗೆ ಉಳಿತಾಯದ ಬಹುಪಾಲು ಮುಗಿಯಿತು. ಇಬ್ಬರಿದ್ದರೆ ಮೇಲಿನ ಅಳತೆಯ ಅರ್ಧ ಮಾಡಿ. ಸಣ್ಣ ಜಾರಿನಲ್ಲಿ ಒಂದೇ ಸಲಕ್ಕೆ ಮುಗಿಯುತ್ತದೆ.

ಹುರಿಯುವುದರಲ್ಲೇ ಎಲ್ಲ ಇದೆ

ಪುಡಿ ಕೆಡುವ ಹತ್ತು ಬಗೆಯಲ್ಲಿ ಎಂಟು ಬಾಣಲೆಯಲ್ಲೇ ಹುಟ್ಟುತ್ತವೆ. ಹುರಿಯುವುದಕ್ಕೆ ಎರಡು ಉದ್ದೇಶ: ಸಾಮಾನಿನಲ್ಲಿರುವ ತೇವ ಪೂರ್ತಿ ಹೋಗಬೇಕು, ಒಳಗಿನ ಸುಗಂಧದ ಎಣ್ಣೆ ಎಚ್ಚರಾಗಬೇಕು. ಕಷ್ಟವೇನೆಂದರೆ ಎಚ್ಚರಾದ ಆ ಎಣ್ಣೆಯೇ ಶಾಖ ಹೆಚ್ಚಾದರೆ ಗಾಳಿಗೆ ಹಾರಿಹೋಗುತ್ತದೆ. ಮನೆಯೆಲ್ಲ ಘಮಘಮ ಅಂದರೆ ಆ ಘಮ ಡಬ್ಬಿಗೆ ಬರುವುದಿಲ್ಲ. ಹಾಗಾಗಿ ಉರಿ ಸಣ್ಣದಿರಲಿ, ಬಾಣಲೆ ದಪ್ಪ ತಳದ್ದಾಗಿರಲಿ, ಮೊದಲ ಘಮ ಬಂದ ಕೂಡಲೇ ಸಾಮಾನನ್ನು ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ತಳದ ಶಾಖಕ್ಕೆ ಇನ್ನೂ ಎರಡು ನಿಮಿಷ ಹುರಿಯುತ್ತಲೇ ಇರುತ್ತದೆ; ಮೆಂತ್ಯ ಕಪ್ಪಾಗುವುದು ಆ ಎರಡು ನಿಮಿಷದಲ್ಲೇ.

ಎಲ್ಲವನ್ನೂ ಒಟ್ಟಿಗೆ ಹಾಕಿ ಹುರಿಯಬಾರದು. ಜೀರಿಗೆಗೆ ಒಂದು ನಿಮಿಷ ಸಾಕು, ಕೊತ್ತಂಬರಿಗೆ ನಾಲ್ಕೈದು ನಿಮಿಷ ಬೇಕು, ಕಡಲೆಬೇಳೆಗೆ ಇನ್ನೂ ಹೆಚ್ಚು. ಒಂದು ಹದಕ್ಕೆ ಬರುವಷ್ಟರಲ್ಲಿ ಇನ್ನೊಂದು ಸೀದಿರುತ್ತದೆ. ಮೆಂತ್ಯ ನಸುಗೆಂಪಿಗೆ ತಿರುಗಿದರೆ ಸಾಕು. ಕಡುಕಂದು ಆದರೆ ಇಡೀ ಪುಡಿಗೆ ಕಹಿ ಹತ್ತುತ್ತದೆ, ಆಮೇಲೆ ಬೆಲ್ಲ ಎಷ್ಟು ಹಾಕಿದರೂ ಸಾರಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಸಾಸಿವೆ ಚಟಪಟ ಸಿಡಿಯುವವರೆಗೆ ಹುರಿಯಲೇಬೇಕು. ಹಸಿ ಸಾಸಿವೆಯ ಪುಡಿಗೆ ನೀರು ತಾಗಿದರೆ ಅದರೊಳಗಿನ ಕಿಣ್ವ ಕೆಲಸ ಶುರುಮಾಡಿ ಕಟುವಾದ ಖಾರ, ಕಹಿ ಎರಡನ್ನೂ ಹುಟ್ಟಿಸುತ್ತದೆ. ಶಾಖಕ್ಕೆ ಆ ಕಿಣ್ವ ಸಾಯುತ್ತದೆ. ಕರಿಬೇವನ್ನು ತೊಳೆದು, ರಾತ್ರಿಯಿಡೀ ನೆರಳಲ್ಲಿ ಆರಿಸಿ, ಬಿಸಿ ಬಾಣಲೆಯಲ್ಲಿ ಕೈಯಾಡಿಸಿ. ಎಲೆ ಬೆರಳಲ್ಲಿ ಹಿಡಿದರೆ ಪುಡಿಪುಡಿಯಾಗಬೇಕು. ಮಡಚಿಕೊಂಡರೆ ಇನ್ನೂ ತೇವ ಇದೆ, ಆ ಒಂದು ಹಿಡಿ ಎಲೆ ಡಬ್ಬಿಗೇ ಬೂಷ್ಟು ತರಬಲ್ಲದು.

ಮೆಣಸಿನಕಾಯಿಗೆ ಬಿಸಿಲೇ ಮೇಲು. ಬ್ಯಾಡಗಿಯ ಕೆಂಪು ಬಣ್ಣ ಬೆಳಕಿಗೂ ಶಾಖಕ್ಕೂ ಕೆಡುವಂಥದ್ದು. ಒಂದು ಮಧ್ಯಾಹ್ನದ ಬಿಸಿಲಲ್ಲಿ ಗರಿಗರಿ ಮಾಡಿಕೊಂಡು, ಬಾಣಲೆಯಲ್ಲಿ ನಾಲ್ಕು ಹನಿ ಎಣ್ಣೆ ಹಾಕಿ ಒಂದೇ ನಿಮಿಷ ಬೆಚ್ಚಗೆ ಮಾಡಿದರೆ ಬಣ್ಣ ಉಳಿಯುತ್ತದೆ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ತೀರ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಯಾಡಿಸಿ. ಕೆಮ್ಮು ಶುರುವಾಯಿತೆಂದರೆ ಉರಿ ಹೆಚ್ಚಾಯಿತು ಎಂದು ತಿಳಿಯಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಗುಂಟೂರು ಕಾಯಿ ಖಾರಕ್ಕೆ. ಮನೆಯಲ್ಲಿ ಖಾರ ಹೆಚ್ಚು ಬೇಕೆಂದರೆ ಬ್ಯಾಡಗಿ ಹೆಚ್ಚಿಸಬೇಡಿ, ಗುಂಟೂರಿನ ಪಾಲು ಹೆಚ್ಚಿಸಿ. ಕಡಿಮೆ ಬೇಕೆಂದು ಬೀಜ ಮಾತ್ರ ಉದುರಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ, ಖಾರ ಇರುವುದು ಬೀಜ ಅಂಟಿಕೊಂಡ ಬಿಳಿ ನಾರಿನಲ್ಲಿ. ಅಮೆರಿಕ, ಇಂಗ್ಲೆಂಡಿನ ಕಡೆ ಇರುವವರಿಗೆ ಬ್ಯಾಡಗಿ ಸಿಗದಿದ್ದರೆ ಕಾಶ್ಮೀರಿ ಮೆಣಸಿನಕಾಯಿ ಅದರ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ.

ಕೊಳ್ಳುವಾಗ ಹತ್ತು ಕಾಯಿಯನ್ನಾದರೂ ಮುರಿದು ಒಳಗೆ ನೋಡಿ. ಹೊರಗೆ ಕೆಂಪಗಿದ್ದರೂ ಒಳಗೆ ಬೂದು ಅಥವಾ ಕಪ್ಪು ಬೂಷ್ಟು ಕಂಡರೆ ಆ ಲಾಟು ಬೇಡ. ಇಂಥ ಬೂಷ್ಟಿನ ಕೆಲವು ಬಗೆ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಯಕೃತ್ತಿಗೆ ಹಾನಿಕರ, ಮನೆಯಲ್ಲಿ ಹುರಿಯುವ ಶಾಖಕ್ಕೆ ನಾಶವಾಗುವುದಿಲ್ಲ. ಶೇಂಗಾ ಮತ್ತು ಒಣಕೊಬ್ಬರಿಗೂ ಇದೇ ಮಾತು. ಇಲ್ಲಿ ಉಳಿತಾಯದ ಯೋಚನೆ ಮಾಡಲೇಬಾರದು.

ಹುರಿದದ್ದೆಲ್ಲ ಪೂರ್ತಿ ತಣ್ಣಗಾದ ಮೇಲೆ ಮಿಕ್ಸಿಗೆ ಹಾಕಿ. ಮೆಣಸಿನಕಾಯಿ ಒಂದನ್ನೇ ಹಾಕಿದರೆ ಸಿಪ್ಪೆ ಜಾರಿನ ಗೋಡೆಗೆ ಅಂಟಿ ತಿರುಗುತ್ತದೆ, ಕೊತ್ತಂಬರಿಯ ಜೊತೆ ಹಾಕಿದರೆ ಚೆನ್ನಾಗಿ ನುರಿಯುತ್ತದೆ. 20–30 ಸೆಕೆಂಡು ತಿರುಗಿಸಿ ನಿಲ್ಲಿಸಿ, ಜಾರು ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಕಾಯಿರಿ. ಅರಿಶಿನ, ಇಂಗಿನ ಪುಡಿ ಕೊನೆಗೆ. ಜರಡಿ ಹಿಡಿದು, ಉಳಿದ ತರಿಯನ್ನು ಇನ್ನೊಮ್ಮೆ ಪುಡಿಮಾಡಿ. ಆಮೇಲೂ ಉಳಿಯುವ ಕೊತ್ತಂಬರಿ ಸಿಪ್ಪೆಯನ್ನು ಎಸೆಯದೆ ಮರುದಿನ ಹುಳಿಗೆ ತೆಂಗಿನಕಾಯಿ ರುಬ್ಬುವಾಗ ಸೇರಿಸಬಹುದು. ಪುಡಿಯನ್ನು ಅಗಲ ತಟ್ಟೆಯಲ್ಲಿ ಹರಡಿ ಅರ್ಧ ಗಂಟೆ ಬಿಟ್ಟು, ನಂತರ ತುಂಬಿ.

ನಾಲ್ಕು ಡಬ್ಬಿ, ಹಲವು ಅಡುಗೆ

ಸಣ್ಣ ಸಂಸಾರಕ್ಕೆ ಇದಕ್ಕಿಂತಲೂ ಒಳ್ಳೆಯ ದಾರಿಯೊಂದಿದೆ. ಸಾರು, ಹುಳಿ, ವಾಂಗಿಬಾತ್, ಬಿಸಿಬೇಳೆಬಾತ್ ಪುಡಿಗಳ ಸಾಮಾನು ನೋಡಿದರೆ ಬುಡ ಒಂದೇ: ಕೊತ್ತಂಬರಿ, ಮೆಣಸಿನಕಾಯಿ, ಸ್ವಲ್ಪ ಮೆಂತ್ಯ. ಅದರ ಮೇಲೆ ಜೀರಿಗೆ-ಕಾಳುಮೆಣಸು ಸೇರಿದರೆ ಸಾರು, ಹುರಿದ ಬೇಳೆ ಸೇರಿದರೆ ಹುಳಿ, ಬೇಳೆ-ಚಕ್ಕೆ-ಲವಂಗ-ಕೊಬ್ಬರಿ ಸೇರಿದರೆ ಬಾತು. ನಾಲ್ಕು ಪುಡಿಗಳನ್ನು ಪೂರ್ತಿಯಾಗಿ ಮಾಡಿಟ್ಟು ಮೂರನ್ನು ಹಳಸಲು ಬಿಡುವ ಬದಲು, ಭಾಗಗಳನ್ನು ಬೇರೆಬೇರೆ ಡಬ್ಬಿಯಲ್ಲಿಟ್ಟು ಅಡುಗೆಯ ಹೊತ್ತಿಗೆ ಚಮಚದ ಲೆಕ್ಕದಲ್ಲಿ ಕೂಡಿಸುವುದು ಜಾಣತನ.

ಮೊದಲನೆಯದು ಬುಡದ ಪುಡಿ: ಕೊತ್ತಂಬರಿ 125 ಗ್ರಾಂ, ಎರಡೂ ಬಗೆಯ ಮೆಣಸಿನಕಾಯಿ ಸೇರಿ 100 ಗ್ರಾಂ, ಮೆಂತ್ಯ 10, ಸಾಸಿವೆ 5, ಕರಿಬೇವು, ಇಂಗು, ಅರಿಶಿನ. ಎರಡನೆಯದು ಜೀರಿಗೆ 30 ಗ್ರಾಂ, ಕಾಳುಮೆಣಸು 20 ಗ್ರಾಂ ಹುರಿದ ಪುಡಿ. ಇದು ಪೊಂಗಲ್‌ಗೂ ಮೆಣಸಿನ ಸಾರಿಗೂ ಒದಗುತ್ತದೆ. ಮೂರನೆಯದು ಕಡಲೆಬೇಳೆ 100, ಉದ್ದಿನಬೇಳೆ 50 ಗ್ರಾಂನ ಬೇಳೆ ಪುಡಿ. ನಾಲ್ಕನೆಯದು ಮಸಾಲೆ: ಚಕ್ಕೆ 10 ಗ್ರಾಂ, ಲವಂಗ 5, ಮರಾಠಿ ಮೊಗ್ಗು 5, ಏಲಕ್ಕಿ 2.

ನಾಲ್ಕು ಜನರ ಸಾರಿಗೆ ಬುಡದ ಪುಡಿ ಎರಡು ಚಹಾ ಚಮಚ, ಜೀರಿಗೆ-ಮೆಣಸಿನ ಪುಡಿ ಅರ್ಧ ಚಮಚ. ಹುಳಿಗೆ ಬುಡದ ಪುಡಿ ಎರಡೂವರೆ ಚಮಚ, ಬೇಳೆ ಪುಡಿ ಎರಡು ಚಮಚ. ಹಸಿ ತೆಂಗಿನಕಾಯಿಯ ಜೊತೆ ರುಬ್ಬಿದರೆ ಇನ್ನೂ ಚೆನ್ನ, ಮೈಸೂರು ಕಡೆಯ ರುಚಿ ಬೇಕಾದವರು ಮಸಾಲೆ ಒಂದು ಚಿಟಿಕೆ ಸೇರಿಸಿ. ಒಂದು ಲೋಟ ಅಕ್ಕಿಯ ವಾಂಗಿಬಾತಿಗೆ ಬುಡದ ಪುಡಿ ಎರಡು ಚಮಚ, ಬೇಳೆ ಪುಡಿ ಎರಡು ಚಮಚ, ಮಸಾಲೆ ಕಾಲು ಚಮಚ, ತುರಿದ ಒಣಕೊಬ್ಬರಿ ಒಂದು ದೊಡ್ಡ ಚಮಚ. ಬಿಸಿಬೇಳೆಬಾತಿಗೆ ಲೋಟ ಅಕ್ಕಿ, ಮುಕ್ಕಾಲು ಲೋಟ ತೊಗರಿಬೇಳೆ ಇಟ್ಟುಕೊಂಡರೆ ಬುಡದ ಪುಡಿ ಎರಡು ದೊಡ್ಡ ಚಮಚ, ಬೇಳೆ ಪುಡಿ ಒಂದು ದೊಡ್ಡ ಚಮಚ, ಮಸಾಲೆ ಅರ್ಧ ಚಹಾ ಚಮಚ, ಕೊಬ್ಬರಿ ಎರಡು ದೊಡ್ಡ ಚಮಚ, ಇದ್ದರೆ ಹುರಿದ ಗಸಗಸೆ ಸ್ವಲ್ಪ. ಕೊಬ್ಬರಿಯನ್ನು ಯಾವ ಡಬ್ಬಿಗೂ ಮೊದಲೇ ಬೆರೆಸದೆ ಇರುವುದಕ್ಕೆ ಕಾರಣವಿದೆ: ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಪುಡಿಯಾಗಿ ಗಾಳಿಗೆ ಒಡ್ಡಿದ ಎಣ್ಣೆ ಬೇಗ ಕಮಟುತ್ತದೆ, ತನ್ನ ಜೊತೆ ಉಳಿದ ಸಾಮಾನನ್ನೂ ಕೆಡಿಸುತ್ತದೆ.

ಬೇಳೆ ಹುರಿಯುವಾಗ ಹೊರಗಿನ ಬಣ್ಣಕ್ಕೆ ಮೋಸಹೋಗಬೇಡಿ. ಜೋರು ಉರಿಯಲ್ಲಿ ಮೇಲೆ ಕೆಂಪಾಗಿ ಒಳಗೆ ಹಸಿಯೇ ಇರುತ್ತದೆ. ಅಂಥ ಪುಡಿ ಹಾಕಿದ ಹುಳಿ ಎಷ್ಟು ಕುದಿಸಿದರೂ ಹಸಿವಾಸನೆ ಬಿಡದು. ಒಂದು ಕಾಳನ್ನು ಕಡಿದು ನೋಡಿ, ಕಟುಕ್ಕನೆ ಮುರಿದು ಒಳಗೂ ಹೊಂಬಣ್ಣ ಇರಬೇಕು. ಬೇಳೆಯ ಹಿಟ್ಟು ಕುದಿಯುವ ನೀರಿನಲ್ಲಿ ಉಬ್ಬಿ ಗಟ್ಟಿಯಾಗುತ್ತದೆ. ಹುಳಿ ಮಂದವಾಗುವುದು ಇದರಿಂದಲೇ, ತಿಳಿಯಾಗಿರಬೇಕಾದ ಸಾರಿನ ಪುಡಿಗೆ ಬೇಳೆ ಹಾಕಬಾರದೆನ್ನುವುದೂ ಇದಕ್ಕೇ.

ಚಟ್ನಿ ಪುಡಿ: ತೇವ ಎಲ್ಲಿಂದ ಬರುತ್ತದೆ

ಉಳಿತಾಯದ ದೃಷ್ಟಿಯಿಂದ ಚಟ್ನಿ ಪುಡಿಗೆ ಮೊದಲ ಸ್ಥಾನ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬೇಳೆ. ಕಡಲೆಬೇಳೆ 200 ಗ್ರಾಂ, ಉದ್ದಿನಬೇಳೆ 100, ಬ್ಯಾಡಗಿ ಮೆಣಸಿನಕಾಯಿ 50, ಒಣಕೊಬ್ಬರಿ ತುರಿ 100, ಹುಣಸೆಹಣ್ಣು 30, ಬೆಲ್ಲ 30, ಉಪ್ಪು 25 ಗ್ರಾಂ, ಕರಿಬೇವು ಎರಡು ಹಿಡಿ, ಇಂಗು ಅರ್ಧ ಚಮಚ, ಎಣ್ಣೆ ಎರಡು ಚಮಚ. ಬೇಳೆಗಳನ್ನು ಬೇರೆಬೇರೆಯಾಗಿ, ಮೆಣಸಿನಕಾಯಿ ಮತ್ತು ಕರಿಬೇವನ್ನು ಎಣ್ಣೆ ಹಾಕಿ ಹುರಿಯಿರಿ. ಒಲೆ ಆರಿಸಿದ ಮೇಲೆ ಉಳಿದ ಶಾಖದಲ್ಲಿ ಕೊಬ್ಬರಿಯನ್ನು ಬೆಚ್ಚಗೆ ಮಾಡಿದರೆ ಸಾಕು. ಕೆಂಪಗೆ ಹುರಿದರೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ.

ಇದರಲ್ಲಿ ತೊಂದರೆ ಕೊಡುವವು ಹುಣಸೆಹಣ್ಣು ಮತ್ತು ಬೆಲ್ಲ. ಎರಡರಲ್ಲೂ ನೀರಿನಂಶವಿದೆ, ಎರಡೂ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತವೆ. ಹಣ್ಣಿನ ಬೀಜ, ನಾರು ತೆಗೆದು, ಸಣ್ಣದಾಗಿ ಹರಿದು, ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬಿಸಿ ಮಾಡಿ. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗಡುಸಾಗಿ ಮುರಿಯುತ್ತದೆ; ಆಗ ಮಾತ್ರ ನುಣ್ಣಗಾಗುತ್ತದೆ. ಮೊದಲು ಮೆಣಸಿನಕಾಯಿ, ಹುಣಸೆ, ಉಪ್ಪು ಪುಡಿಮಾಡಿ, ಆಮೇಲೆ ಬೇಳೆ, ಕೊನೆಗೆ ಕೊಬ್ಬರಿ ಮತ್ತು ಪುಡಿಬೆಲ್ಲ ಹಾಕಿ ಬಿಟ್ಟುಬಿಟ್ಟು ನಾಲ್ಕೈದು ಸುತ್ತು ಮಾತ್ರ ತಿರುಗಿಸಿ. ಒಂದೇ ಸಮ ಓಡಿಸಿದರೆ ಜಾರಿನ ಬಿಸಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಬೆಲ್ಲ ಕರಗಿ, ಬ್ಲೇಡಿನ ಕೆಳಗೆ ಅಂಟು ಉಂಡೆ ಕೂರುತ್ತದೆ. ಈ ಪುಡಿ ಹೊರಗೆ ಒಂದು ತಿಂಗಳು, ಫ್ರಿಜ್ಜಿನಲ್ಲಿ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಉತ್ತರ ಕರ್ನಾಟಕದ ಶೇಂಗಾ, ಅಗಸಿ, ಗುರೆಳ್ಳು ಚಟ್ನಿಗಳಲ್ಲಿ ಎಣ್ಣೆಯಂಶ ಇನ್ನೂ ಹೆಚ್ಚು, ಅಗಸಿಯದ್ದಂತೂ ಬಹುಬೇಗ ಕಮಟುತ್ತದೆ. ಎರಡು ಮೂರು ವಾರಕ್ಕೆ ಸಾಕಾಗುವಷ್ಟೇ ಕುಟ್ಟಬೇಕು.

ರವೆ ಇಡ್ಲಿ ಮಿಕ್ಸ್

ಇದು ಸುಲಭದ್ದು. ಉಪ್ಪಿಟ್ಟಿನ ರವೆ ಅರ್ಧ ಕಿಲೋ, ಎಣ್ಣೆ ಅಥವಾ ತುಪ್ಪ ನಾಲ್ಕು ದೊಡ್ಡ ಚಮಚ, ಸಾಸಿವೆ ಎರಡು ಚಹಾ ಚಮಚ, ಕಡಲೆಬೇಳೆ ಎರಡು ದೊಡ್ಡ ಚಮಚ, ಗೋಡಂಬಿ ಬೇಕಾದಷ್ಟು, ಕರಿಬೇವು, ಉಪ್ಪು ಎರಡು ಚಹಾ ಚಮಚ. ಒಗ್ಗರಣೆಯಲ್ಲೇ ರವೆಯನ್ನು ಘಮ ಬರುವವರೆಗೆ ಹುರಿದು, ಆರಿಸಿ, ಡಬ್ಬಿಗೆ ತುಂಬಿ. ಹುರಿದ ಶಾಖಕ್ಕೆ ರವೆಯಲ್ಲಿದ್ದಿರಬಹುದಾದ ಹುಳದ ಮೊಟ್ಟೆಗಳೂ ನಾಶವಾಗುತ್ತವೆ. ಎಣ್ಣೆಯಲ್ಲಿ ಮಾಡಿದ್ದು ಒಂದು ತಿಂಗಳು ಹೊರಗಿರಬಹುದು.

ಅಡುಗೆ ಸೋಡಾವನ್ನು ಮಿಕ್ಸ್‌ಗೆ ಬೆರೆಸಿಡಬೇಡಿ. ತೇವ ಸೋಕಿದರೆ ಅದರ ಶಕ್ತಿ ಕುಂದುತ್ತದೆ, ಅಡಿಗೆ ಇಳಿದು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆಯಾಗುತ್ತದೆ. ಹೆಚ್ಚಾದ ಕಡೆ ಇಡ್ಲಿ ಹಳದಿಯಾಗಿ ಸಾಬೂನಿನ ರುಚಿ ಬರುತ್ತದೆ. ಮಾಡುವಾಗ ಒಂದು ಲೋಟ ಮಿಕ್ಸ್‌ಗೆ ಒಂದು ಲೋಟ ಹುಳಿಮೊಸರು, ಕಾಲು ಲೋಟ ನೀರು ಕಲಸಿ 20 ನಿಮಿಷ ನೆನೆಯಲು ಬಿಡಿ. ಕಾಲು ಚಹಾ ಚಮಚ ಸೋಡಾ ಹಾಕುವುದು ತಟ್ಟೆಗೆ ಸುರಿಯುವ ಹೊತ್ತಿಗೆ. ಮೊಸರಿನ ಹುಳಿಯೂ ಸೋಡಾವೂ ಕೂಡಿದ ಕ್ಷಣವೇ ಗುಳ್ಳೆ ಏಳುತ್ತದೆ, ತಡಮಾಡಿದರೆ ಆ ಗಾಳಿ ಹಬೆ ತಾಗುವ ಮೊದಲೇ ಹೊರಟುಹೋಗಿ ಇಡ್ಲಿ ಗಟ್ಟಿಯಾಗುತ್ತದೆ. 12 ನಿಮಿಷ ಬೇಯಿಸಿದರೆ ಸಾಕು. ಸಿಹಿ ಮೊಸರಾದರೆ ಅರ್ಧ ಚಮಚ ನಿಂಬೆರಸ ಸೇರಿಸಿ.

ಡಬ್ಬಿಯಲ್ಲಿಟ್ಟ ಮೇಲೆ

ಪುಡಿ ಗಂಟುಕಟ್ಟುವುದಕ್ಕೆ ಅತಿ ಸಾಮಾನ್ಯ ಕಾರಣ, ಕುದಿಯುವ ಸಾರಿನ ಮೇಲೆಯೇ ಡಬ್ಬಿ ಹಿಡಿದು ಚಮಚದಲ್ಲಿ ಹಾಕುವುದು. ಆ ಹಬೆ ನೇರವಾಗಿ ಡಬ್ಬಿಯೊಳಗೆ ಹೋಗುತ್ತದೆ. ಒಲೆಯಿಂದ ದೂರದಲ್ಲಿ ಒಣ ಚಮಚದಿಂದ ಬಟ್ಟಲಿಗೆ ತೆಗೆದುಕೊಂಡು ಹಾಕಿ. ಒಂದೆರಡು ವಾರಕ್ಕಾಗುವಷ್ಟನ್ನು ಸಣ್ಣ ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಕತ್ತಿನವರೆಗೆ ಒತ್ತಿ ತುಂಬಿ ಕತ್ತಲೆಯ ಕಪಾಟಿನಲ್ಲಿಡಿ; ಒಳಗೆ ಗಾಳಿಗೆ ಜಾಗ ಕಡಿಮೆಯಾದಷ್ಟೂ ಘಮ ಹೆಚ್ಚು ದಿನ ಉಳಿಯುತ್ತದೆ. ಮಾಡಿದ ತಾರೀಕು ಬರೆದು ಅಂಟಿಸಿ. ಫ್ರಿಜ್ಜಿನಲ್ಲಿಟ್ಟ ಬಾಟಲಿಯನ್ನು ಹೊರತೆಗೆದ ತಕ್ಷಣ ತೆರೆಯಬಾರದು, ತಣ್ಣನೆಯ ಪುಡಿಯ ಮೇಲೆ ಹೊರಗಿನ ಗಾಳಿಯ ತೇವ ಕೂರುತ್ತದೆ. ಅರ್ಧ ಗಂಟೆ ಹೊರಗಿಟ್ಟು ತೆರೆಯಿರಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ.

ಗಿರಣಿಗೆ ಒಯ್ಯಬಹುದೇ ಎಂದರೆ, ಕಿಲೋಗಟ್ಟಲೆ ಇದ್ದಾಗ ಮಾತ್ರ. ಸ್ವಲ್ಪವೇ ಕೊಟ್ಟರೆ ಕಲ್ಲಿನಲ್ಲಿ, ತೂಬಿನಲ್ಲಿ ಉಳಿಯುವುದೇ ಹೆಚ್ಚಾಗುತ್ತದೆ, ಹಿಂದಿನವರ ಹಿಟ್ಟೂ ಸೇರುತ್ತದೆ. ಅಕ್ಕಪಕ್ಕದ ಮೂರು ಮನೆಯವರು ಕೂಡಿ ಮಾಡಿಸಿ ಹಂಚಿಕೊಂಡರೆ ಆ ತೊಂದರೆ ಇಲ್ಲ, ಸಾಮಾನನ್ನು ಸಗಟು ದರದಲ್ಲೂ ತರಬಹುದು.

ಮನೆಯಲ್ಲಿ ಮಾಡದೆ ಬಿಡುವುದೇ ಲೇಸು ಎನ್ನುವಂಥವೂ ಇವೆ. ಅರಿಶಿನದ ಕೊಂಬು ಕಲ್ಲಿನಷ್ಟು ಗಟ್ಟಿ, ಮಿಕ್ಸಿಯ ಬ್ಲೇಡು ಹಾಳಾಗುತ್ತದೆ; ಪುಡಿಯನ್ನೇ ಕೊಳ್ಳಿ. ಶುಂಠಿ ಪುಡಿಯೂ ಹಾಗೆಯೇ. ಗರಂ ಮಸಾಲೆ ರುಚಿಗಾಗಿ ಮನೆಯಲ್ಲಿ ಮಾಡಬೇಕು, ಉಳಿತಾಯ ಮಾತ್ರ ಅಷ್ಟೇನಿಲ್ಲ, ಏಕೆಂದರೆ ಲವಂಗ, ಏಲಕ್ಕಿ, ಜಾಪತ್ರೆಗಳನ್ನು ಸಣ್ಣ ಪೊಟ್ಟಣದಲ್ಲಿ ತಂದರೆ ಅವೇ ದುಬಾರಿ. ಇಂಗನ್ನು ಕೊಳ್ಳುವಾಗ ಅದರಲ್ಲಿ ಅಂಟು ಮತ್ತು ಗೋಧಿ ಅಥವಾ ಅಕ್ಕಿ ಹಿಟ್ಟು ಬೆರೆತಿರುತ್ತದೆ ಎಂಬುದು ಗೊತ್ತಿರಲಿ. ಗೋಧಿ ಆಗದವರು ಡಬ್ಬಿಯ ಮೇಲಿನದನ್ನು ಓದಿಯೇ ತರಬೇಕು. ಗಟ್ಟಿ ಇಂಗಾದರೆ ಎಣ್ಣೆಯಲ್ಲಿ ಉಬ್ಬುವವರೆಗೆ ಕರಿದು, ಆರಿಸಿ, ಪುಡಿಗೆ ಸೇರಿಸಿ.

ಇಷ್ಟಾದರೂ ಹಳೆಯ ಪುಡಿ ಸ್ವಲ್ಪ ಉಳಿದೇ ಉಳಿಯುತ್ತದೆ. ಬೂಷ್ಟು, ಹುಳ, ಕಮಟು ವಾಸನೆ ಯಾವುದೂ ಇಲ್ಲದೆ ಬರೀ ಘಮ ಕುಂದಿದ್ದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ, ಆಗಷ್ಟೇ ಕುಟ್ಟಿದ ಅರ್ಧ ಚಮಚ ಜೀರಿಗೆ-ಮೆಣಸು ಸೇರಿಸಿ ಆ ದಿನದ ಸಾರಿಗೆ ಬಳಸಿ. ಪಲ್ಯಕ್ಕೆ, ಹುರುಳಿ ಬಸ್ಸಾರಿಗೆ, ಬದನೆಕಾಯಿ ಎಣ್ಣೆಗಾಯಿಯ ಮಸಾಲೆಗೂ ಅದು ನಡೆಯುತ್ತದೆ. ಹೊಸ ಪುಡಿಯ ಡಬ್ಬಿಗೆ ಮಾತ್ರ ಹಳೆಯದನ್ನು ಸುರಿಯಬೇಡಿ; ಡಬ್ಬಿಯನ್ನು ತೊಳೆದು, ಬಿಸಿಲಲ್ಲಿ ಒಣಗಿಸಿ, ಆಮೇಲೆ ಹೊಸದನ್ನು ತುಂಬಿ.